ಕಾಫಿಯ ಮಲೆಸೀಮೆಯಲ್ಲಿ ಊರವಾರ್ತೆಯನ್ನು ಬರೆದವರು

ಅರಸರ ಚರಿತ್ರೆಗೆ ಶಿಲಾಶಾಸನಗಳೂ ತಾಮ್ರಪಟಗಳೂ ಹೇಗೆ ಆಧಾರವೋ ಹಾಗೆಯೇ ಪ್ರಜೆಗಳ ಚರಿತ್ರೆಗೆ ಊರವಾರ್ತೆಯು ಆಧಾರವಾಗಿರುವುದು. ಯಾವ ಹಳ್ಳದ ಕಾಲುಸಂಕವು ಯಾವ ಮಳೆಗೆ ಕೊಚ್ಚಿಹೋಯಿತು, ಯಾವ ಕೇರಿಯವರು ಯಾವ ಕಚೇರಿಯ ಬಾಗಿಲಲ್ಲಿ ಎಷ್ಟು ಸಾರಿ ಕಾದು ಹಿಂದಿರುಗಿದರು, ಯಾವ ತೋಟದ ಆಳುಗಳು ಏತಕ್ಕೆ ಕೆಲಸವನ್ನು ನಿಲ್ಲಿಸಿದರು, ಇಂತಹ ಸಂಗತಿಗಳನ್ನು ಕಲ್ಲಿನ ಮೇಲೆ ಕೆತ್ತಿಸಿದ ಪ್ರಭುವು ಯಾವನೂ ಇಲ್ಲ. ರೈಸ್ ಸಾಹೇಬರು ಸಂಗ್ರಹಿಸಿ ಅಚ್ಚುಮಾಡಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಆರನೆಯ ಸಂಪುಟವು ಕಡೂರು ಜಿಲ್ಲೆಯದು; ಕಳಸದ ಶಾಸನಗಳು ಅದರಲ್ಲಿ ಅಡಕವಾಗಿವೆ. ದೇವರಿಗೆ ಭೂಮಿಯನ್ನು ಬಿಟ್ಟವರ ಹೆಸರು, ಕೊಟ್ಟ ಕಾಲ, ಎಲ್ಲೆಕಟ್ಟು, ಇವೆಲ್ಲವೂ ಇಂತಹ ದಾನಶಾಸನಗಳಲ್ಲಿ ದೊರೆಯುವುವು. ಆ ಗದ್ದೆಯನ್ನು ಉತ್ತವನ ಹೆಸರು ಮಾತ್ರ ದೊರೆಯದು. ಈ ಕೊರತೆಯನ್ನು ಮುಂದೆ ತುಂಬಿದವರು ಯಾರು, ತುಂಬುವುದಕ್ಕಾಗಿ ಅವರು ತೆತ್ತ ಬೆಲೆಯೇನು, ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯವು.

ಹಿಂದೆ ಕಡೂರು ಜಿಲ್ಲೆಯೆಂದು ಹೆಸರಾಗಿದ್ದು ಈಗ ಚಿಕ್ಕಮಗಳೂರು ಜಿಲ್ಲೆಯೆನಿಸಿರುವ ನಾಡಿನ ಪಶ್ಚಿಮಭಾಗದಲ್ಲಿ ಮೂಡಿಗೆರೆಯೂ ಅದರಿಂದ ಬೇರ್ಪಟ್ಟು ಪ್ರತ್ಯೇಕ ತಾಲ್ಲೂಕಾದ ಕಳಸವೂ ಇವೆ. ಬಯಲುಸೀಮೆಯಲ್ಲಿ ಊರೆಂದರೆ ಒತ್ತೊತ್ತಾಗಿ ನಿಂತ ಮನೆಗಳು, ನಡುವೆ ಗುಡಿ, ಗುಡಿಯ ಮುಂದೆ ಕಟ್ಟೆ. ಬೆಳಗಿನ ಮಾತು ಸಂಜೆಯೊಳಗೆ ಊರಿಗೆಲ್ಲ ಹರಡುವುದು. ಮಲೆನಾಡಿನಲ್ಲಿ ಹಾಗಲ್ಲ. ಇಲ್ಲಿ ಗುಡ್ಡಕ್ಕೊಂದು ಒಂಟಿಮನೆ, ಮನೆಗೊಂದು ಕಣಿವೆ. ಮಳೆಗಾಲದಲ್ಲಿ ಹಳ್ಳವೇರಿದರೆ ಎದುರುಗುಡ್ಡದ ಮನೆಯಲ್ಲಿ ಸಾವಾದರೂ ಈಚೆಯವರಿಗೆ ತಿಳಿಯುತ್ತಿದ್ದುದು ನೀರು ಇಳಿದ ಮೇಲೆಯೇ. ಇಂತಹ ಸೀಮೆಯಲ್ಲಿ ವಾರ್ತೆಯು ನಡೆಯುತ್ತಿದ್ದುದು ಮನುಷ್ಯರ ಕಾಲಿನಿಂದ. ವಾರದ ಸಂತೆ, ಕಳಸೇಶ್ವರನ ಜಾತ್ರೆ, ಉಪ್ಪು ಮೀನುಗಳನ್ನು ಹೇರಿಕೊಂಡು ಘಟ್ಟವನ್ನು ಹತ್ತಿ ಬರುತ್ತಿದ್ದ ಎತ್ತಿನವರು, ಭಿಕ್ಷೆಗಾಗಿಯೂ ದೀಕ್ಷಾಕಾರ್ಯಕ್ಕಾಗಿಯೂ ಊರೂರು ಸಂಚರಿಸುತ್ತಿದ್ದ ಚರಜಂಗಮರು, ಇವರೇ ಆ ಕಾಲದ ವಾರ್ತಾವಾಹಕರು. ಮಠಗಳಲ್ಲಿ ದಾಸೋಹದ ಪಂಕ್ತಿಯಲ್ಲಿ ಕುಳಿತವನು ಉಂಡೇಳುವುದರೊಳಗೆ ಹತ್ತು ಹೋಬಳಿಗಳ ಬೆಳೆಬಾಳು, ಮದುವೆ, ವ್ಯಾಜ್ಯಗಳ ಸುದ್ದಿಯನ್ನು ಕೇಳಿ, ತನ್ನೂರಿನದನ್ನು ಹೇಳಿ ಹೊರಡುತ್ತಿದ್ದನು.

ಕೇಳಿ ಹೇಳುವುದು ಬೇರೆ, ತನ್ನ ಅನುಭವವನ್ನು ತಾನೇ ಅಕ್ಷರಕ್ಕಿಳಿಸುವುದು ಬೇರೆ. ಎರಡನೆಯದಕ್ಕೆ ಕನ್ನಡನಾಡಿನಲ್ಲಿ ಹನ್ನೆರಡನೆಯ ಶತಮಾನದಷ್ಟು ಹಳೆಯದಾದ ಪೂರ್ವಪರಂಪರೆಯಿರುವುದೆಂಬುದು ವಾಚಕರಿಗೆ ವಿದಿತವೇ ಸರಿ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ, ಇವರು ಪಂಡಿತರನ್ನು ಕರೆಯಿಸಿ ತಮ್ಮ ಪರವಾಗಿ ಬರೆಯಿಸಿದವರಲ್ಲ. ಬಟ್ಟೆಯೊಗೆದವನು ಬಟ್ಟೆಯ ಮಾತಿನಲ್ಲಿ, ದೋಣಿ ನಡೆಸಿದವನು ಹೊಳೆಯ ಮಾತಿನಲ್ಲಿ ತಾನೇ ನುಡಿದನು. ನುಡಿದುದಕ್ಕೆ ತಾನೇ ಹೊಣೆಯಾದನು. ಶರಣರು ವರ್ತಮಾನಪತ್ರವನ್ನು ನಡೆಸಿದರೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ದುಡಿಯುವವನಿಗೂ ಲೇಖನಿಯ ಅಧಿಕಾರವಿದೆಯೆಂಬ ತತ್ತ್ವವು ಈ ನಾಡಿಗೆ ಪಶ್ಚಿಮದಿಂದ ಬಂದುದೆಂದು ತಿಳಿಯುವವರು ಒಮ್ಮೆ ಹಿಂದಿರುಗಿ ನೋಡತಕ್ಕದ್ದು. ಆ ವಚನಗಳನ್ನು ಓಲೆಗರಿಗಳಿಂದ ಬಿಡಿಸಿದ ಫ. ಗು. ಹಳಕಟ್ಟಿಯವರು ೧೯೨೬ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿ, ಮರುವರ್ಷವೇ ‘ನವಕರ್ನಾಟಕ’ವೆಂಬ ವಾರಪತ್ರಿಕೆಯನ್ನೂ ಹೊರಡಿಸಿದುದು, ಅವರಿಗಿಂತ ಮೊದಲೇ ೧೯೦೬ರಲ್ಲಿ ಹರ್ಡೇಕರ ಮಂಜಪ್ಪನವರು ಉಪಾಧ್ಯಾಯ ವೃತ್ತಿಯನ್ನು ತೊರೆದು ದಾವಣಗೆರೆಯಲ್ಲಿ ‘ಧನುರ್ಧಾರಿ’ಯನ್ನು ನಡೆಸಿದುದು, ಇವು ಆ ತತ್ತ್ವದಿಂದ ದೂರವಾದ ಕಾರ್ಯಗಳಲ್ಲ.

ಕನ್ನಡದ ಪ್ರಥಮ ವೃತ್ತಪತ್ರಿಕೆಯು ಈ ಬೆಟ್ಟಗಳ ಬುಡದಲ್ಲಿಯೇ ಹುಟ್ಟಿತು. ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ ಪಾದ್ರಿಯವರು ೧೮೪೩ನೆಯ ಜುಲೈ ೧ರಂದು ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಅದೇ ದಶಕಗಳಲ್ಲಿ ಘಟ್ಟದ ಮೇಲೆ ಬಾಬಾಬುಡನ್ ಗಿರಿಯ ಕಾಫಿಯು ಹಿತ್ತಿಲನ್ನು ಬಿಟ್ಟು ಕಾಡಿಗೆ ಹಬ್ಬಲು ತೊಡಗಿತ್ತು. ಐರೋಪ್ಯ ತೋಟಗಾರರು ಬಂದರು, ಮರಗಳು ಬಿದ್ದವು, ರಸ್ತೆ, ಅಂಚೆ, ತಂತಿ, ಇವು ಒಂದರ ಹಿಂದೊಂದು ಬಂದವು. ಇದರ ಪರಿಣಾಮವು ಆಲೋಚಿಸತಕ್ಕುದಾಗಿದೆ. ಲಂಡನ್ನಿನ ಪೇಟೆಯಲ್ಲಿ ಕಾಫಿಯ ಧಾರಣೆಯು ಏರಿತೋ ಇಳಿಯಿತೋ ಎಂಬುದು ತೋಟದ ಬಂಗಲೆಗೆ ತಿಳಿಯುವ ಕಾಲ ಬಂದಾಗ, ಅದೇ ತೋಟದ ಲೈನಿನಲ್ಲಿ ಜ್ವರದಿಂದ ಎಷ್ಟು ಮಂದಿ ಸತ್ತರೆಂಬುದು ತಾಲ್ಲೂಕಿನ ಕಸಬೆಗೂ ತಿಳಿಯುವ ಮಾರ್ಗವಿರಲಿಲ್ಲ. ತೋಟಗಾರರಿಗೆ ಸಂಘವಿತ್ತು. ೧೮೯೩ರಲ್ಲಿ ದಕ್ಷಿಣ ಹಿಂದೂಸ್ಥಾನದ ತೋಟಗಾರರೆಲ್ಲರ ಸಂಯುಕ್ತ ಸಂಘವೇ ಏರ್ಪಟ್ಟಿತು. ಪುಸ್ತಕ ಬರೆಯುವ ಬಿಡುವೂ ಅವರಿಗಿತ್ತು. ಮಂಜರಾಬಾದ್ ಸೀಮೆಯಲ್ಲಿ ತೋಟವನ್ನು ಮಾಡಿದ ರಾಬರ್ಟ್ ಎಲಿಯಟ್ ಎಂಬವರು ೧೮೭೧ರಲ್ಲಿಯೂ ೧೮೯೪ರಲ್ಲಿಯೂ ಇಂಗ್ಲಿಷಿನಲ್ಲಿ ತಮ್ಮ ಅನುಭವಗಳನ್ನು ಪ್ರಕಟಿಸಿರುವರು. ಚಿರತೆ ಹುಲಿಗಳ ಬೇಟೆ, ಗಿಡಗಳ ರೋಗ, ಆಳುಗಳ ಸ್ವಭಾವ, ಇವೆಲ್ಲವನ್ನೂ ಆ ಕಾಲದ ಇಂತಹ ಗ್ರಂಥಗಳಲ್ಲಿ ಓದಬಹುದು. ಆಳುಗಳು ದೊರೆಗಳ ಸ್ವಭಾವವನ್ನು ಕುರಿತು ಏನೆಂದುಕೊಂಡಿದ್ದರೆಂಬುದಕ್ಕೆ ಮಾತ್ರ ಗ್ರಂಥವಿಲ್ಲ.

೧೮೮೧ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಏರ್ಪಡಿಸಿದರು. ಮೊದಲ ಸಭೆಗೆ ೧೪೪ ಮಂದಿ ಕರೆಯಲ್ಪಟ್ಟರು. ನಿರ್ಣಯಾಧಿಕಾರವಿಲ್ಲದಿದ್ದರೂ ತಾಲ್ಲೂಕುಗಳ ಕುಂದುಕೊರತೆಗಳನ್ನು ದಸರೆಯ ಕಾಲದಲ್ಲಿ ಅರಿಕೆಮಾಡುವುದಕ್ಕೆ ಅದೊಂದು ದ್ವಾರವಾಯಿತು. ಆದರೂ ಅಲ್ಲಿಗೆ ಹೋದವರು ಭೂಮಿಯುಳ್ಳವರು, ವ್ಯಾಪಾರವುಳ್ಳವರು, ತೋಟವುಳ್ಳವರು. ಘಟ್ಟದ ಕೆಳಗಿನ ಊರುಗಳಿಂದ ಮೇಸ್ತ್ರಿಯ ಮುಂಗಡವನ್ನು ಪಡೆದು ಹತ್ತಿ ಬಂದ ಆಳಿನ ಮಾತು ಸಭೆಗೂ ಹೋಗಲಿಲ್ಲ, ಪತ್ರಿಕೆಗೂ ಹೋಗಲಿಲ್ಲ. ಮುಂಗಡ ಪಡೆದು ಕೆಲಸವನ್ನು ಬಿಟ್ಟು ಹೋದವನನ್ನು ಶಿಕ್ಷಿಸಬಹುದೆಂದು ಬ್ರಿಟಿಷ್ ಸರ್ಕಾರವು ೧೮೫೯ರಲ್ಲಿ ಮಾಡಿದ ಶಾಸನವು ಇಪ್ಪತ್ತನೆಯ ಶತಮಾನದ ಮೂರನೆಯ ದಶಕದವರೆಗೂ ತೋಟಗಳ ಜೀವನವನ್ನು ಆಳಿತು. ಆಳಿನ ಹೆಸರು ಕಾಗದದ ಮೇಲೆ ಬರುತ್ತಿದ್ದುದು ಮುಂಗಡದ ಲೆಕ್ಕದಲ್ಲಿ. ಇಲ್ಲವಾದರೆ ಅವನು ಓಡಿಹೋದಾಗ ನ್ಯಾಯಸ್ಥಾನದ ದಫ್ತರದಲ್ಲಿ.

ಮೈಸೂರು ಸಂಸ್ಥಾನದ ಪತ್ರಿಕೆಗಳಿಗೂ ಒಳ್ಳೆಯ ಕಾಲವೇ ಇತ್ತೆಂದು ಭಾವಿಸಲಾಗದು. ೧೯೦೮ರ ವೃತ್ತಪತ್ರಿಕಾ ಶಾಸನವು ಸರ್ಕಾರದ ಅಪ್ಪಣೆಯಿಲ್ಲದೆ ಪತ್ರಿಕೆಯನ್ನು ನಡೆಸಕೂಡದೆಂದು ವಿಧಿಸಿತು. ತಾತಯ್ಯನೆಂದು ಪ್ರಸಿದ್ಧರಾದ ಎಂ. ವೆಂಕಟಕೃಷ್ಣಯ್ಯನವರೇ ಮೊದಲಾದವರು ತಲೆಬಾಗುವುದಕ್ಕಿಂತ ನಿಲ್ಲಿಸುವುದೇ ಮೇಲೆಂದು ತಮ್ಮ ಪತ್ರಿಕೆಗಳನ್ನು ನಿಲ್ಲಿಸಿದರು. ರಾಜಧಾನಿಯ ಸಂಪಾದಕರ ಪಾಡೇ ಹೀಗಿರಲಾಗಿ ತಾಲ್ಲೂಕಿನ ಬಾತ್ಮೀದಾರನ ಧೈರ್ಯವನ್ನು ಅಳೆಯುವುದು ಹೇಗೆ?

ಈ ಬಾತ್ಮೀದಾರನೆಂಬವನನ್ನು ಕುರಿತು ಎರಡು ಮಾತು ಹೇಳುವುದು ಅವಶ್ಯಕ. ಬೆಂಗಳೂರು ಮಂಗಳೂರುಗಳ ಪತ್ರಿಕೆಗಳು ದೊಡ್ಡದಾಗಿ ಬೆಳೆದ ಮೇಲೆಯೂ ಮಲೆನಾಡಿನ ಕಸಬೆಗಳಲ್ಲಿ ಅವುಗಳಿಗೆ ಪೂರ್ಣವೇತನದ ನೌಕರರಿರಲಿಲ್ಲ. ಶಾಲೆಯ ಉಪಾಧ್ಯಾಯನೋ, ಅಂಗಡಿಯವನೋ, ಸ್ವಲ್ಪ ತೋಟವುಳ್ಳ ಓದಿದ ತರುಣನೋ ಬರೆದು ಕಳುಹಿಸುತ್ತಿದ್ದನು. ಅಚ್ಚಾದ ಸಾಲುಗಳನ್ನು ಅಳೆದು ಹಣ ಕೊಡುವುದು ವಾಡಿಕೆ. ಎಷ್ಟೋ ವೇಳೆ ಪತ್ರಿಕೆಯನ್ನು ಹಂಚುವವನೂ ಚಂದಾ ವಸೂಲುಮಾಡುವವನೂ ಜಾಹೀರಾತು ತರುವವನೂ ಅವನೊಬ್ಬನೇ. ದೊಡ್ಡ ತೋಟದ ಒಡೆಯನು ಹಬ್ಬದ ಸಂಚಿಕೆಗೆ ಜಾಹೀರಾತು ಕೊಡಬೇಕು. ಅದೇ ತೋಟದ ಲೈನಿನಲ್ಲಿ ಕುಡಿಯುವ ನೀರಿಲ್ಲವೆಂದು ಇವನೇ ಬರೆಯಬೇಕು. ಸಾಲದ ಅಂಗಡಿ, ಮಕ್ಕಳ ಶಾಲೆ, ಮಗಳ ಮದುವೆ, ಎಲ್ಲವೂ ಅದೇ ಊರಿನಲ್ಲಿ. ನಗರದ ಸಂಪಾದಕನು ಮಂತ್ರಿಯನ್ನು ಖಂಡಿಸಿ ಬರೆದು ರಾತ್ರಿ ನಿದ್ರಿಸಬಲ್ಲನು. ಪಟೇಲನ ಮೇಲೆ ಬರೆದ ಹಳ್ಳಿಯ ಬಾತ್ಮೀದಾರನು ಮರುದಿನ ಬೆಳಗ್ಗೆ ಅದೇ ಪಟೇಲನ ಎದುರಿಗೆ ಬಸ್ಸಿಗೆ ಕಾಯಬೇಕು. ೧೯೫೧ರ ತೋಟಗಾರಿಕಾ ಕಾರ್ಮಿಕರ ಶಾಸನವು ಮನೆ, ಆಸ್ಪತ್ರೆ, ಶಿಶುಗೃಹಗಳನ್ನು ಒದಗಿಸಬೇಕೆಂದು ಒಡೆಯರಿಗೆ ವಿಧಿಸಿತಷ್ಟೆ. ಅದು ಯಾವ ತೋಟದಲ್ಲಿ ನಡೆಯಿತು, ಯಾವುದರಲ್ಲಿ ನಡೆಯಲಿಲ್ಲವೆಂಬುದನ್ನು ಹೊರಗಿನವರು ತಿಳಿಯಬೇಕಾದರೆ ಇಂತಹವನೊಬ್ಬನು ಬರೆಯಲೇಬೇಕಾಗಿತ್ತು.

ಹೊರಗಿನ ಪತ್ರಿಕಾಲೋಕವು ಈ ಸೀಮೆಯನ್ನು ಒಮ್ಮೆ ಕಣ್ತುಂಬ ನೋಡಿತು. ೧೯೭೮ರ ನವೆಂಬರಿನಲ್ಲಿ ಇಂದಿರಾ ಗಾಂಧಿಯವರು ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದ ಉಪಚುನಾವಣೆಗೆ ನಿಂತು ವೀರೇಂದ್ರ ಪಾಟೀಲರನ್ನು ೭೭ ಸಾವಿರಕ್ಕೂ ಹೆಚ್ಚಿನ ಮತಗಳಿಂದ ಗೆದ್ದರು. ದೇಶವಿದೇಶಗಳ ವರದಿಗಾರರು ಬಂದಿಳಿದರು. ಕಾಫಿಯ ಬೆಟ್ಟಗಳ ಸೌಂದರ್ಯವು ಜಗತ್ತಿನ ಪತ್ರಿಕೆಗಳಲ್ಲಿ ವರ್ಣಿತವಾಯಿತು. ಮತಗಳೆಣಿಕೆಯಾಯಿತು; ಅವರು ಹೊರಟುಹೋದರು. ಅನಂತರ ಈ ಊರುಗಳ ಸುದ್ದಿಯು ಹಿಂದಿನಂತೆ ಒಳಪುಟದ ಮೂಲೆಗೆ ಸೇರಿತು.

ಆದರೆ ಅದೇ ಹೊತ್ತಿಗೆ ಒಳಗಿನಿಂದಲೇ ಬೇರೊಂದು ಬಗೆಯ ಬರವಣಿಗೆಯು ತಲೆಯೆತ್ತಿತು. ೧೯೮೦ರಲ್ಲಿ ಪಿ. ಲಂಕೇಶರು ಜಾಹೀರಾತುಗಳನ್ನು ಸ್ವೀಕರಿಸದೆ ಓದುಗರ ಹಣದಿಂದಲೇ ನಡೆಯುವ ವಾರಪತ್ರಿಕೆಯನ್ನು ಆರಂಭಿಸಿದರು. ಮೂಡಿಗೆರೆಯಲ್ಲಿ ತೋಟವನ್ನು ಮಾಡಿಕೊಂಡಿದ್ದ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು (೧೯೩೮-೨೦೦೭) ಅದರ ಲೇಖಕರಲ್ಲಿ ಒಬ್ಬರು. ರಾಷ್ಟ್ರಕವಿಯ ಪುತ್ರರಾಗಿ ನಗರದಲ್ಲಿ ಪದವಿಯನ್ನು ಹಿಡಿಯಬಹುದಾಗಿದ್ದವರು ಮಲೆಯ ಮೂಲೆಯಲ್ಲಿ ಕುಳಿತು ನೆರೆಹೊರೆಯ ಬೇಟೆಗಾರ, ಜೇನು ಕೀಳುವವನು, ಕೂಲಿಯವನು, ಇವರನ್ನೇ ಸಾಹಿತ್ಯಕ್ಕೆ ತಂದರು. ಅವರನ್ನು ಕಥೆಗಾರರೆಂದು ಎಲ್ಲರೂ ಕೊಂಡಾಡುವರು. ಮೂಡಿಗೆರೆಯಲ್ಲಿ ಕುಳಿತೇ ಮೂಡಿಗೆರೆಯನ್ನು ಬರೆಯಬಹುದೆಂದು ತೋರಿಸಿದುದು ಕಥೆಗಳಷ್ಟೇ ದೊಡ್ಡ ಉಪಕಾರವಾಗಿದೆ. ೧೯೮೪ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಮಂಗಳೂರಿನಲ್ಲಿ ಓದುಗರಿಂದಲೇ ಬಂಡವಾಳವನ್ನು ಕೂಡಿಸಿ ‘ಮುಂಗಾರು’ ದಿನಪತ್ರಿಕೆಯನ್ನು ಹೊರಡಿಸಿದರು. ಆ ಪತ್ರಿಕೆ ಬಹುಕಾಲ ಬಾಳಲಿಲ್ಲ.

ಇವುಗಳಿಗಿಂತ ಸೌಮ್ಯವಾಗಿ, ಆದರೆ ಹೆಚ್ಚು ಕಾಲ ಬಾಳಿದ ಪ್ರಯತ್ನವೊಂದು ೧೯೮೮ರಲ್ಲಿ ಪುತ್ತೂರಿನಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’. ಕೃಷಿಕನ ವಿಷಯವನ್ನು ಕೃಷಿಕನೇ ಬರೆಯಲೆಂಬುದು ಅದರ ಮೂಲಸೂತ್ರ. ‘ಕೃಷಿಕರ ಕೈಗೆ ಲೇಖನಿ’ಯೆಂಬ ಹೆಸರಿನಲ್ಲಿ ಬರೆವಣಿಗೆಯ ಶಿಬಿರಗಳೇ ನಡೆದವು. ಕಾಫಿಯೊಡನೆ ಅಡಿಕೆಯನ್ನೂ ಬೆಳೆಯುವ ಕಳಸದ ಕಡೆಯವರಿಗೆ ಇಂತಹ ಪತ್ರಿಕೆಯು ದೂರದ ವಸ್ತುವಲ್ಲ. ಅದರ ಸಂಪಾದಕರಾದ ಶ್ರೀಪಡ್ರೆಯವರು ಕಾಸರಗೋಡು ಸೀಮೆಯ ಕನ್ನಡಿಗರು, ಸ್ವತಃ ಬೇಸಾಯಗಾರರು. ೧೯೮೦ರ ಸುಮಾರಿಗೆ ತಮ್ಮ ನೆರೆಯಲ್ಲಿ ಅಂಗವಿಕಲವಾದ ಕರುಗಳು ಹುಟ್ಟುತ್ತಿರುವುದನ್ನು ನೋಡಿ, ಸರ್ಕಾರಿ ಗೇರುತೋಟಗಳ ಮೇಲೆ ವಿಮಾನದಿಂದ ಚಿಮುಕಿಸುತ್ತಿದ್ದ ಎಂಡೋಸಲ್ಫಾನ್ ವಿಷದ ಮೇಲೆ ಸಂಶಯಪಟ್ಟು ಬರೆದವರು ಅವರು. ಸಿಂಪಡಣೆಯು ನಿಂತುದು ೨೦೦೦ದಲ್ಲಿ. ಸರ್ವೋಚ್ಚ ನ್ಯಾಯಾಲಯವು ದೇಶದಲ್ಲೆಲ್ಲ ಆ ಔಷಧವನ್ನು ತಡೆದುದು ೨೦೧೧ರಲ್ಲಿ. ನೆರೆಯವನ ಕೊಟ್ಟಿಗೆಯಲ್ಲಿ ಕಂಡುದು ರಾಜಧಾನಿಗೆ ಕಾಣಲು ಮೂವತ್ತು ವರ್ಷಗಳು ಹಿಡಿದುವೆಂಬುದನ್ನು ಇಲ್ಲಿ ಲೆಕ್ಕಹಾಕಿ ನೋಡಬಹುದು.

ಕಳಸದ ನೆತ್ತಿಯ ಮೇಲೆಯೇ ನಡೆದ ಕುದುರೆಮುಖದ ಪ್ರಕರಣವು ಇನ್ನೂ ತೊಡಕಿನದು. ೧೯೭೬ರಲ್ಲಿ ಸ್ಥಾಪಿತವಾದ ಕಬ್ಬಿಣದ ಅದಿರಿನ ಕಂಪನಿಯು ಭದ್ರೆಯ ಮೇಲ್ಗಡೆ ಬೆಟ್ಟವನ್ನು ಅಗೆದು, ಅದಿರನ್ನು ನೀರಿನಲ್ಲಿ ಕಲಸಿ, ೬೭ ಕಿಲೋಮೀಟರು ಉದ್ದದ ಕೊಳವೆಯಿಂದ ಮಂಗಳೂರಿನ ಸಮುದ್ರತೀರಕ್ಕೆ ಇಳಿಸುತ್ತಿತ್ತು. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಗಂಗಾಮೂಲವು ಅದಕ್ಕೆ ಸಮೀಪ. ಹೊಳೆಯು ಕೆಸರಾಗುತ್ತಿದೆಯೆಂದು ಕೆಳಗಿನ ಗದ್ದೆತೋಟಗಳವರು ದೂರಿದರು. ಪರಿಸರಪ್ರಿಯರು ನ್ಯಾಯಾಲಯಕ್ಕೆ ಹೋದರು. ಗಣಿಯು ಗಂಗಡಿಕಲ್ಲು ನೆಲ್ಲಿಬೀಡುಗಳ ಕಡೆಗೆ ಹಬ್ಬಬಾರದೆಂದು ತುಂಗಾಮೂಲವನ್ನು ಉಳಿಸುವ ಹೋರಾಟವೂ ನಡೆಯಿತು. ಸರ್ವೋಚ್ಚ ನ್ಯಾಯಾಲಯವು ೨೦೦೨ನೆಯ ಅಕ್ಟೋಬರ್ ೩೦ರಂದು ತೀರ್ಪಿತ್ತು, ೨೦೦೫ರ ಕೊನೆಗೆ ಗಣಿಯು ನಿಂತಿತು.

ಈ ಕಥೆಯನ್ನು ದೂರದವರು ಧರ್ಮಾಧರ್ಮಗಳ ಸಮರದಂತೆ ಬರೆದರು. ಹತ್ತಿರದವರಿಗೆ ಅದು ಹಾಗೆ ಕಾಣಿಸುವುದು ಕಷ್ಟ. ಗಣಿಯಲ್ಲಿ ಕೆಲಸಕ್ಕಿದ್ದವನು ಅವರ ಅಣ್ಣನ ಮಗ. ಕಂಪನಿಯ ಊರಿಗೆ ಹಾಲು ತರಕಾರಿ ಮಾರಿ ಬದುಕಿದವರು ಅವರ ನೆರೆಯವರು. ಕೆಸರಿನಿಂದ ಗದ್ದೆ ಕೆಟ್ಟವರೂ ನೆರೆಯವರೇ. ಗಣಿ ನಿಂತ ಮೇಲೆ ಕುದುರೆಮುಖದ ಪಟ್ಟಣವು ಬರಿದಾಯಿತು. ಕಳಸದ ಪೇಟೆಗೂ ಆ ಪೆಟ್ಟು ತಗಲಿತು. ಹೊಳೆಯು ಉಳಿಯಿತೆಂಬ ಸಂತೋಷವನ್ನೂ ಅನ್ನವು ಹೋಯಿತೆಂಬ ದುಃಖವನ್ನೂ ಒಂದೇ ಪುಟದಲ್ಲಿ ಬರೆಯಬೇಕಾಗಿ ಬಂದುದು ಊರಿನ ಲೇಖನಿಗೆ ಮಾತ್ರ. ಅಂತಹ ಬರೆವಣಿಗೆಯಲ್ಲಿ ಘೋಷಣೆಯ ಬಿರುಸು ಕಡಮೆಯಾಗಿರುವುದು ನಿಜ. ಚರಿತ್ರಕಾರನಿಗೆ ಬೇಕಾಗುವುದು ಅದೇ.

೧೯೮೭ರಲ್ಲಿ ಘೋಷಿತವಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ತಲೆಮಾರುಗಳಿಂದ ವಾಸಿಸುತ್ತಿದ್ದ ಮಲೆಕುಡಿಯರು, ಗೌಡರು ಮೊದಲಾದವರಿಗೆ ಒಕ್ಕಲೆಬ್ಬಿಸುವ ಭಯವು ಬೆನ್ನುಹತ್ತಿತು. ಆ ಭಯದ ನಡುವೆಯೇ ಸಶಸ್ತ್ರರಾದ ನಕ್ಸಲೀಯರು ಕಾಡನ್ನು ಹೊಕ್ಕರು. ಅವರ ಹಿಂದೆ ಪೋಲೀಸರು. ರಸ್ತೆ ಬೇಕು, ವಿದ್ಯುತ್ತು ಬೇಕು ಎಂಬ ಅರ್ಜಿಯೂ ಸಂಶಯಕ್ಕೆ ಆಸ್ಪದವಾಗತಕ್ಕ ಕಾಲವದು. ೨೦೧೨ನೆಯ ಮಾರ್ಚಿನಲ್ಲಿ ಅದೇ ಪರ್ವತಶ್ರೇಣಿಯ ಪಶ್ಚಿಮದ ಇಳಿಜಾರಿನಲ್ಲಿರುವ ಬೆಳ್ತಂಗಡಿ ತಾಲ್ಲೂಕಿನ ಕುತ್ಲೂರಿನಲ್ಲಿ ಮಲೆಕುಡಿಯ ತರುಣನೊಬ್ಬನನ್ನು ಅವನ ತಂದೆಯೊಡನೆ ಬಂಧಿಸಲಾಯಿತು. ಆತನು ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಪತ್ರಿಕೋದ್ಯಮವನ್ನೇ ಓದುತ್ತಿದ್ದನು. ರಾಜದ್ರೋಹದ ಆರೋಪವನ್ನು ಹೊರಿಸಲಾಯಿತು. ಮನೆಯಲ್ಲಿ ದೊರೆತ ಸಾಕ್ಷ್ಯವೆಂದು ಮುಂದಿಟ್ಟವುಗಳಲ್ಲಿ ಭಗತ್ ಸಿಂಗನ ಪುಸ್ತಕವೊಂದು, ವೃತ್ತಪತ್ರಿಕೆಗಳ ತುಣುಕುಗಳು, ಊರಿಗೆ ಸೌಕರ್ಯಗಳು ದೊರೆಯುವವರೆಗೆ ಚುನಾವಣೆಯನ್ನು ಬಹಿಷ್ಕರಿಸಬೇಕೆಂಬ ಪತ್ರ, ಇವೂ ಇದ್ದವು. ಪರೀಕ್ಷೆಗೆ ಆತನನ್ನು ಕೈಕೋಳದಲ್ಲಿ ಕರೆತಂದುದನ್ನು ನಾಡೆಲ್ಲ ಕಂಡಿತು. ಮಂಗಳೂರಿನ ನ್ಯಾಯಾಲಯವು ತಂದೆಮಕ್ಕಳಿಬ್ಬರನ್ನೂ ನಿರ್ದೋಷಿಗಳೆಂದು ಬಿಡುಗಡೆಮಾಡಿದುದು ೨೦೨೧ನೆಯ ಅಕ್ಟೋಬರಿನಲ್ಲಿ. ಆ ಪತ್ರದಲ್ಲಿದ್ದುದು ಸ್ಥಳೀಯ ಜನರ ಬೇಡಿಕೆಗಳೆಂದೂ ಪತ್ರಿಕೆಯನ್ನು ಇಟ್ಟುಕೊಳ್ಳುವುದು ಅಪರಾಧವಲ್ಲವೆಂದೂ ನ್ಯಾಯಾಲಯವು ಕಂಡುಕೊಂಡಿತು. ಅಷ್ಟು ಹೊತ್ತಿಗೆ ಆತನು ಪತ್ರಕರ್ತನಾಗಿ ಕೆಲಸ ಮಾಡುತ್ತಿದ್ದನು. ನಡುವೆ ಕಳೆದುಹೋದ ಒಂಬತ್ತು ವರ್ಷಗಳನ್ನು ಯಾವ ತೀರ್ಪೂ ಹಿಂದಿರುಗಿಸಿ ಕೊಡಲಾರದು. ಮುಂಗಡದ ಲೆಕ್ಕದಲ್ಲಿಯೂ ನ್ಯಾಯಸ್ಥಾನದ ದಫ್ತರದಲ್ಲಿಯೂ ಮಾತ್ರ ಹೆಸರು ಕಾಣಿಸುತ್ತಿದ್ದ ಜನವರ್ಗದ ನೆರೆಯಿಂದ ಬಂದವನೊಬ್ಬನು ಬರೆಯುವುದನ್ನು ಕಲಿಯಹೊರಟಾಗ, ಅವನ ಓದುಬರೆಹಗಳೇ ದಫ್ತರಕ್ಕೆ ಸೇರಿದ ಬಗೆಯಿದು.

ಮೊಬೈಲು ದೂರವಾಣಿಯು ಬಂದ ಮೇಲೆ ಅಚ್ಚುಕೂಟವೂ ಬೇಡ, ಸಂಪಾದಕನೂ ಬೇಡವಾಯಿತು. ಇದರಿಂದಾದ ಕೇಡನ್ನು ಮರೆಮಾಚುವುದು ಸರಿಯಲ್ಲ. ೨೦೧೮ನೆಯ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿರುವರೆಂಬ ವಾಟ್ಸಾಪಿನ ಸುಳ್ಳುಸುದ್ದಿಯನ್ನು ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ನಿರಪರಾಧಿ ತರುಣನನ್ನು ಹೊಡೆದು ಕೊಂದಿತು. ಹೇಳಿದವನು ಯಾರೆಂದು ಗೊತ್ತಿಲ್ಲದ ಮಾತು ಅದು. ಮರುದಿನ ಬಸ್ಸಿನ ನಿಲ್ದಾಣದಲ್ಲಿ ಎದುರಾಗಿ ಉತ್ತರ ಹೇಳಬೇಕಾದವನು ಯಾವನೂ ಇರಲಿಲ್ಲ. ಹಳೆಯ ಬಾತ್ಮೀದಾರನನ್ನು ಕಟ್ಟಿಹಾಕಿದ್ದ ಊರ ನಂಟೇ ಅವನನ್ನು ಸುಳ್ಳಿನಿಂದಲೂ ಕಾಪಾಡಿತ್ತೆಂಬುದನ್ನು ಇಲ್ಲಿ ಗಮನಿಸಬೇಕು.

ಅದೇ ಯಂತ್ರವು ಮರುವರ್ಷ ಮೂಡಿಗೆರೆಯ ಸೀಮೆಯಲ್ಲಿ ಬೇರೆ ಕೆಲಸವನ್ನು ಮಾಡಿತು. ೨೦೧೯ನೆಯ ಆಗಸ್ಟಿನ ಮಹಾವೃಷ್ಟಿಯಲ್ಲಿ ಮಲೆಮನೆ, ಮಧುಗುಂಡಿ ಮೊದಲಾದ ಕಡೆಗಳಲ್ಲಿ ಗುಡ್ಡ ಕುಸಿದು ಮನೆತೋಟಗಳು ನಾಶವಾದವು. ಚಾರ್ಮಾಡಿ ಘಟ್ಟದ ರಸ್ತೆಯು ಮುಚ್ಚಿತು. ಇಂತಹ ಸಮಯದಲ್ಲಿ ಕುಸಿದ ಗುಡ್ಡದ ಚಿತ್ರವನ್ನು ತೆಗೆದು ಹೊರಗೆ ಕಳುಹಿಸಬಲ್ಲವರು ಆ ಊರುಗಳವರೇ. ಮಂತ್ರಿಗಳು ಬಂದುಹೋದ ಮೇಲೆ ಪುನರ್ವಸತಿಯು ವರ್ಷಗಟ್ಟಲೆ ಎಳೆಯಿತು. ಪ್ರತಿ ಮಳೆಗಾಲದ ಆರಂಭದಲ್ಲಿ ಆ ಮನೆಗಳ ಮಾತನ್ನು ಮತ್ತೆ ಎತ್ತಿದವರೂ ತಾಲ್ಲೂಕಿನ ಸುದ್ದಿಗಾರರೇ.

ಕಳಸದಿಂದ ಹೊರನಾಡಿಗೆ ಹೋಗುವ ದಾರಿಯಲ್ಲಿ ಭದ್ರೆಯ ಮೇಲೆ ಹೆಬ್ಬಾಳೆಯ ಸೇತುವೆಯಿದೆ. ಅನ್ನಪೂರ್ಣೇಶ್ವರಿಯ ಯಾತ್ರಿಕರೂ ಶಾಲೆಯ ಮಕ್ಕಳೂ ದಾಟುವ ತಗ್ಗಾದ ಸೇತುವೆಯದು; ಮಳೆಗಾಲಗಳಲ್ಲಿ ಮತ್ತೆ ಮತ್ತೆ ಮುಳುಗುತ್ತ ಬಂದಿದೆ. ನೀರು ಸೇತುವೆಯ ಮೇಲೆ ಹರಿಯಿತೆಂದೊಡನೆ ದಡದಲ್ಲಿ ಕೊಡೆ ಹಿಡಿದು ನಿಂತ ಯಾವನೋ ಒಬ್ಬನು ಚಿತ್ರವನ್ನು ತೆಗೆದು, ಕೆಳಗೆ ಹೊತ್ತನ್ನು ಬರೆದು, ತನ್ನ ಹೆಸರನ್ನೂ ಸೇರಿಸಿ ಕಳುಹಿಸುತ್ತಾನೆ. ಬಾಳೆಹೊನ್ನೂರಿನಿಂದ ಹೊರಟ ಬಸ್ಸಿನವನು ಅದನ್ನು ನೋಡಿ ಕಳಸದಲ್ಲಿಯೇ ನಿಲ್ಲುತ್ತಾನೆ.